ಅಂಗಣ: ನಾರಾವಿ ಸೀಮೆಯ ಬಹುಬಳಕೆಯ ಬಯಲುಗಳು ಮತ್ತು ಸಭಾಂಗಣಗಳು

ಅಂಗಣ ಎಂದರೆ ಆಟಕ್ಕೆ, ಕೂಟಕ್ಕೆ, ಆರಾಧನೆಗೆ ಜನ ಸೇರುವ ಹದಮಾಡಿದ ನೆಲ. ಮನೆಯೆದುರಿನ ಅಂಗಳದಿಂದ ಹಿಡಿದು ಸಾವಿರಾರು ಆಸನಗಳ ಒಳಾಂಗಣ ಕ್ರೀಡಾಂಗಣದವರೆಗೆ ಈ ಮಾತು ಹಬ್ಬುತ್ತದೆ. ಹಿಮದ ನಾಡುಗಳಲ್ಲಿ ಐಸ್ ಹಾಕಿಗೆಂದು ಕಟ್ಟಿದ ಚಾವಣಿಯ ಅಂಗಣಗಳು ಸಂಗೀತ ಕಛೇರಿ, ಸರ್ಕಸ್, ಕುಸ್ತಿ, ರಾಜಕೀಯ ಸಮಾವೇಶಗಳಿಗೂ ಒದಗಿ, ಒಂದೇ ನೆಲ ಹಲವು ವೇಷ ತೊಡುವುದಕ್ಕೆ ಮಾದರಿಯಾಗಿವೆ. ದಕ್ಷಿಣ ಕನ್ನಡದ ನಾರಾವಿಯ ಸುತ್ತ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳಲ್ಲಿ ಇದೇ ಕೆಲಸವನ್ನು ಬಹುಕಾಲ ಮಾಡಿದ್ದು ಕೊಯ್ಲಾದ ಗದ್ದೆ, ಅಡಿಕೆ ಒಣಗುವ ಅಂಗಳ, ದೇವಸ್ಥಾನದ ಎದುರಿನ ಬಾಕಿಮಾರು ಗದ್ದೆ ಮತ್ತು ಶಾಲೆಯ ಮೈದಾನ. ಇಲ್ಲಿಯ ಅಂಗಣಗಳಲ್ಲಿ ಹೆಚ್ಚಿನವು ಬೆಳೆಯಿಂದ ಎರವಲು ಪಡೆದ ನೆಲಗಳು. ಬೆಳೆ ಬದಲಾದಂತೆ ಅಂಗಣವೂ ಜಾಗ ಬದಲಿಸುತ್ತ ಈಗ ಚಾವಣಿಯ ಕೆಳಗೆ ಬರುತ್ತಿದೆ.

ಹಿಮದ ಅಂಗಣ

ಚಾವಣಿಯ ಕೆಳಗೆ ಐಸ್ ಹಾಕಿಯ ವ್ಯವಸ್ಥಿತ ಪಂದ್ಯ ಮೊದಲು ನಡೆದದ್ದು 1875ರ ಮಾರ್ಚ್ 3ರಂದು, ಕೆನಡಾದ ಮಾಂಟ್ರಿಯಲ್ ನಗರದ ವಿಕ್ಟೋರಿಯಾ ಸ್ಕೇಟಿಂಗ್ ರಿಂಕಿನಲ್ಲಿ. ತಂಡಕ್ಕೆ ಒಂಬತ್ತು ಮಂದಿ ಆಡಿದರು. ಚೆಂಡು ಪುಟಿದು ನೋಡುಗರ ಮೇಲೆ ಬೀಳಬಾರದೆಂದು ಮರದ ಚಪ್ಪಟೆ ಬಿಲ್ಲೆ ಬಳಸಿದರು. ಇಂದಿನ ರಬ್ಬರ್ ಪಕ್‌ನ ಹಿರಿಯ ಅದು. ಕಟ್ಟಡ ಹಾಕಿಗೆಂದು ಹುಟ್ಟಿದ್ದಲ್ಲ. 1862ರಲ್ಲಿ ಸ್ಕೇಟಿಂಗ್ ವಿಹಾರಕ್ಕೆ ಎದ್ದ ಅದರೊಳಗೆ ವೇಷಧಾರಿಗಳ ಸ್ಕೇಟಿಂಗ್ ಮೇಳಗಳೂ ಕಛೇರಿಗಳೂ ನಡೆಯುತ್ತಿದ್ದವು. ಹಾಗೆ ನೋಡಿದರೆ ಹಾಕಿಯೇ ಅಲ್ಲಿಗೆ ಬಂದ ಅತಿಥಿ. ಉತ್ತರ ಅಮೆರಿಕದ ಇಂದಿನ ಹಾಕಿ ಅಂಗಣದ ಅಳತೆ 200 ಅಡಿ ಉದ್ದ, 85 ಅಡಿ ಅಗಲ. ಆ ಹಳೆಯ ರಿಂಕಿನ ಅಳತೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಇಂಥ ಅಂಗಣದ ಗುಟ್ಟು ನೆಲದಡಿಯಲ್ಲಿದೆ. ಕಾಂಕ್ರೀಟಿನೊಳಗೆ ಹುದುಗಿಸಿದ ಕೊಳವೆಗಳಲ್ಲಿ ಉಪ್ಪುನೀರೋ ಗ್ಲೈಕಾಲ್ ದ್ರಾವಣವೋ ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲಿ ಹರಿಯುತ್ತದೆ. ಅದರ ಮೇಲೆ ತೆಳುವಾಗಿ ಪದರ ಪದರವಾಗಿ ನೀರು ಸಿಂಪಡಿಸಿ ಎರಡೂವರೆ ಮೂರು ಸೆಂಟಿಮೀಟರ್ ದಪ್ಪದ ಮಂಜುಗಡ್ಡೆ ಕಟ್ಟುತ್ತಾರೆ. ಆಟದ ನಡುವೆ ಗೀರುಬಿದ್ದ ಮೈಯನ್ನು ಕೆರೆದು, ನೀರು ಸವರಿ ನುಣುಪು ಮಾಡುವ ಯಂತ್ರವನ್ನು ಕ್ಯಾಲಿಫೋರ್ನಿಯಾದ ಫ್ರಾಂಕ್ ಜಾಂಬೋನಿ 1949ರಲ್ಲಿ ರೂಪಿಸಿದ. ಮರುದಿನ ಕಛೇರಿಯಿದ್ದರೆ ಮಂಜನ್ನು ಕರಗಿಸುವುದಿಲ್ಲ. ಶಾಖ ತಡೆಯುವ ಹಲಗೆಗಳನ್ನು ಅದರ ಮೇಲೆ ಜೋಡಿಸಿ, ಬೇಕಾದರೆ ಬ್ಯಾಸ್ಕೆಟ್‌ಬಾಲಿನ ಮರದ ನೆಲವನ್ನು ಅದರ ಮೇಲೆ ಹಾಸುತ್ತಾರೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾಕಿ ತಂಡವೂ ಬ್ಯಾಸ್ಕೆಟ್‌ಬಾಲ್ ತಂಡವೂ ಒಂದೇ ನೆಲವನ್ನು ಸರದಿಯಲ್ಲಿ ಬಳಸುತ್ತವೆ. ಭಾರತದ ಪ್ರಧಾನಿ 2014ರ ಸೆಪ್ಟೆಂಬರ್ 28ರಂದು ಅನಿವಾಸಿ ಭಾರತೀಯರನ್ನು ಉದ್ದೇಶಿಸಿ ಮಾತಾಡಿದ್ದು ಅಲ್ಲಿಯೇ.

ಭಾರತದಲ್ಲಿ ಐಸ್ ಹಾಕಿಯ ನೆಲೆ ಹಿಮಾಲಯದ ಮಡಿಲು. ಶಿಮ್ಲಾದಲ್ಲಿ 1920ರಿಂದ ಬಯಲು ರಿಂಕ್ ಇದೆ. ಡೆಹರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಚಾವಣಿಯ ರಿಂಕ್ ಎದ್ದಿತು. ಕರಾವಳಿಗೆ ಬೇಕಾದ ಅಂಗಣದ ಲೆಕ್ಕವೇ ಬೇರೆ. ಇಲ್ಲಿ ಚಾವಣಿ ಬೇಕಾಗುವುದು ಚಳಿಯನ್ನು ಒಳಗಿಡಲಿಕ್ಕಲ್ಲ, ಮಳೆಯನ್ನು ಹೊರಗಿಡಲಿಕ್ಕೆ.

ನೆಲ ಮತ್ತು ಋತು

ನಾರಾವಿ ಪಶ್ಚಿಮ ಘಟ್ಟದ ಬುಡದಲ್ಲಿ, ಕಾರ್ಕಳದಿಂದ ಗುರುವಾಯನಕೆರೆಗೆ ಹೋಗುವ ದಾರಿಯಲ್ಲಿರುವ ಊರು. ಬೆಳ್ತಂಗಡಿ ತಾಲೂಕಿನ ಈ ತುದಿಯನ್ನು ದಾಟಿದರೆ ಉಡುಪಿ ಜಿಲ್ಲೆ. ಸೂರ್ಯನಾರಾಯಣ ದೇವಸ್ಥಾನ, ಧರ್ಮನಾಥ ಸ್ವಾಮಿ ಬಸದಿ, ಸಂತ ಅಂತೋನಿ ಚರ್ಚ್ ಮೂರೂ ಇರುವ ಈ ಊರಿನಲ್ಲಿ ಜಾತ್ರೆ, ಉತ್ಸವ, ವಾರ್ಷಿಕ ಹಬ್ಬಗಳಿಗೆ ಮೂರು ಬಗೆಯ ಎದುರಂಗಳಗಳಿವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಿದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ.

ಬಯಲು ಕಾರ್ಯಕ್ರಮಗಳ ಪಂಚಾಂಗವನ್ನು ಬರೆದದ್ದು ಈ ಮಳೆ. ಬೇಸಗೆಯ ಕೊನೆಗೆ, ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆ ಗಡಿದಿನ. ಅಂದಿಗೆ ದೈವಗಳ ಆರಾಧನೆಯಾದ ನೇಮ, ದೇವಸ್ಥಾನಗಳ ಉತ್ಸವ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲವೂ ನಿಲ್ಲುತ್ತವೆ. ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ.

ಯಾವ ನೆಲ ಯಾವಾಗ ಬಿಡುವಾಗುತ್ತದೆಂಬುದನ್ನು ಗದ್ದೆಯ ಜಾತಿ ನಿರ್ಧರಿಸುತ್ತದೆ. ತುಳುನಾಡಿನ ಗದ್ದೆಗಳು ಮೂರು ಬಗೆ. ಎತ್ತರದಲ್ಲಿದ್ದು ಮಳೆಯನ್ನೇ ನಂಬಿದ ಬೆಟ್ಟುಗದ್ದೆ ಎಣೆಲು ಎಂಬ ಒಂದೇ ಬೆಳೆ ಕೊಡುತ್ತದೆ. ಅದರ ಕೆಳಗಿನ ಮಜಲು ಎಣೆಲಿನ ಜತೆ ಸುಗ್ಗಿಯನ್ನೂ ಕೊಡುತ್ತದೆ. ತೋಡಿನ ಪಕ್ಕದ ಬೈಲಿನಲ್ಲಿ ಕೊಳಕೆ ಎಂಬ ಮೂರನೆಯ ಬೆಳೆಯೂ ಆಗುತ್ತದೆ. ಹಾಗಾಗಿ ಮೊದಲು ಆಟಕ್ಕೆ ತೆರವಾಗುವುದು ಬೆಟ್ಟು, ಆಮೇಲೆ ಮಜಲು. ಇವೆಲ್ಲಕ್ಕಿಂತ ಮೇಲೆ ಬೆಳೆಯೇ ಇಲ್ಲದ ಪದವುಗಳಿವೆ. ಮುರಕಲ್ಲಿನ ಈ ಚಪ್ಪಟೆ ನೆತ್ತಿಗಳಲ್ಲಿ ನೀರು ನಿಲ್ಲುವುದಿಲ್ಲ, ಭತ್ತ ಬೆಳೆಯುವುದಿಲ್ಲ. ಶಾಲೆ, ಮೈದಾನ, ಸಮಾವೇಶಗಳಿಗೆ ಅನುಕೂಲವಾದ ಜಾಗವೆಂದರೆ ಇದೇ. ಬಂಟ್ವಾಳದ ಕಕ್ಯಪದವು, ಮೂಡುಬಿದಿರೆಯ ಪುತ್ತಿಗೆಪದವು ಮುಂತಾದ ಹೆಸರುಗಳಲ್ಲಿ ಆ ಭೂಗೋಳ ಉಳಿದುಕೊಂಡಿದೆ.

ಮನೆಯಂಗಳ

ಅಂಗಣಗಳಲ್ಲಿ ಅತಿ ಚಿಕ್ಕದೂ ಅತಿ ಹೆಚ್ಚು ದುಡಿಯುವುದೂ ಮನೆಯೆದುರಿನ ಅಂಗಳ. ತುಳುವಿನಲ್ಲಿ ಇದು ಜಾಲ್. ಮಳೆಗಾಲವಿಡೀ ಅಡಿಕೆಸೋಗೆ ಹೊದ್ದು ಮಲಗಿದ ಅಂಗಳವನ್ನು ಮಳೆ ಬಿಟ್ಟ ಮೇಲೆ ಎಬ್ಬಿಸಬೇಕು. ಸೋಗೆ ತೆಗೆದರೆ ಕೆಳಗೆ ಹಸಿರು ಪಾಚಿ. ಅದನ್ನು ಹಾರೆಯಿಂದ ಹೆರೆದು, ತಗ್ಗಿಗೆ ಹೊಸಮಣ್ಣು ಹಾಕಿ, ನೀರು ಚಿಮುಕಿಸಿ, ಹಿಡಿಯಿರುವ ಹಲಗೆಯಿಂದ ಬಡಿಯುತ್ತಾರೆ. ಬಡಿದಲ್ಲಿ ಸದ್ದು ಮಂದವಾಗಿದ್ದರೆ ಮಣ್ಣು ಇನ್ನೂ ಕೂತಿಲ್ಲ. ಠಣ್ ಎಂದರೆ ಆಯಿತು. ಮೇಲೆ ಸೆಗಣಿ ಸಾರಿಸಿ ಎರಡು ಬಿಸಿಲು ಕಾಣಿಸಿದರೆ ಬರಿಗಾಲಿಗೆ ಬೆಚ್ಚಗಾಗುವ ನೆಲ ತಯಾರು.

ಅಡಿಕೆಗಾರನ ಅಂಗಳಕ್ಕೆ ಮೊದಲ ಹಕ್ಕು ಚಾಲಿ ಅಡಿಕೆಯದು. ಹಣ್ಣಡಿಕೆ ಸಿಪ್ಪೆ ಬಿಡುವಷ್ಟು ಒಣಗಲು 40–45 ಬಿಸಿಲು ಬೇಕು. ಅಷ್ಟು ದಿನವೂ ಅಂಗಳ ತುಂಬ ಅಡಿಕೆಯೇ. ಮನೆಯಲ್ಲಿ ಮದುವೆಯೋ ದೈವದ ನೇಮವೋ ಹರಕೆಯ ಬಯಲಾಟವೋ ಗೊತ್ತಾದರೆ ಅಡಿಕೆಯನ್ನು ಒಂದು ಬದಿಗೆ ಗುಡಿಸಿ ರಾಶಿ ಹಾಕುತ್ತಾರೆ. ಅಡಿಕೆಮರದ ಕಂಬ ನೆಟ್ಟು, ತೆಂಗಿನ ಮಡಲು ಹೆಣೆದು ಚಪ್ಪರ ಹಾಕುತ್ತಾರೆ. ಅತಿಥಿಗಳು ಹೋದ ಮರುಬೆಳಗ್ಗೆ ರಾಶಿ ಮತ್ತೆ ಹರಡಿಕೊಳ್ಳುತ್ತದೆ. ನಡುವೆ ಸಿಕ್ಕ ಮೂಲೆಯಲ್ಲಿ ಮಕ್ಕಳು ಮಡಲಿನ ದಿಂಡು ಕೆತ್ತಿ ಮಾಡಿದ ಬ್ಯಾಟಿನಲ್ಲಿ ಕ್ರಿಕೆಟ್ ಆಡುತ್ತಾರೆ. ಚೆಂಡು ಅಡಿಕೆಯ ಮೇಲೆ ಬಿದ್ದರೆ ಔಟ್ ಎಂಬ ನಿಯಮ ಅಲ್ಲಲ್ಲಿ ಮನೆಯ ಹಿರಿಯರು ಸೇರಿಸಿದ್ದು.

ಈಚಿನ ದಶಕಗಳಲ್ಲಿ ಸೆಗಣಿಯ ಅಂಗಳಕ್ಕೆ ಕಾಂಕ್ರೀಟು, ಇಂಟರ್‌ಲಾಕ್ ಬಂದಿದೆ. ಅಡಿಕೆ ಪಾಲಿಥೀನ್ ಹೊದಿಸಿದ ಒಣಮನೆಗೆ ಹೋಗಿದೆ. ಮದುವೆ ಕಲ್ಯಾಣಮಂಟಪಕ್ಕೆ ಹೋಗಿದೆ. ನೇಮ ಮಾತ್ರ ಅಂಗಳ ಬಿಟ್ಟಿಲ್ಲ. ದೈವಕ್ಕೆ ಮನೆ ಗೊತ್ತು, ಹಾಲ್ ಗೊತ್ತಿಲ್ಲ.

ಕೊಯ್ಲಾದ ಗದ್ದೆ: ಯಕ್ಷಗಾನದ ರಂಗಸ್ಥಳ

ಯಕ್ಷಗಾನಕ್ಕಿರುವ ಬಯಲಾಟ ಎಂಬ ಹೆಸರಿನಲ್ಲೇ ಅಂಗಣವಿದೆ. ಕೂಳೆ ಇನ್ನೂ ನೆಟ್ಟಗಿರುವ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು ಮಾವಿನೆಲೆ ಕಟ್ಟಿದರೆ ರಂಗಸ್ಥಳ. ಸ್ವಲ್ಪ ದೂರದಲ್ಲಿ ಬಣ್ಣ ಹಚ್ಚುವ ಚೌಕಿ. ಅಲ್ಲಿ ಗಣಪತಿಗೆ ಪೂಜೆಯಾಗದೆ ಆಟ ಮೊದಲಾಗದು. ದೊಂದಿಯ ಬೆಳಕು ಹೋಗಿ ಗ್ಯಾಸ್‌ಲೈಟ್ ಬಂತು, ಅದೂ ಹೋಗಿ ವಿದ್ಯುತ್ ದೀಪ ಬಂತು. ಗದ್ದೆಯ ಹುಣಿಗಳೇ ಗ್ಯಾಲರಿ. ಮೇಲಿನ ಗದ್ದೆಯಲ್ಲಿ ಕೂತವನಿಗೆ ಕೆಳಗಿನ ಗದ್ದೆಯ ಆಟ ತಲೆಗಳ ಅಡ್ಡಿಯಿಲ್ಲದೆ ಕಾಣುವುದರಿಂದ, ಮೆಟ್ಟಿಲು ಗದ್ದೆಗಳ ಸೀಮೆಯಲ್ಲಿ ಆಸನ ಕಟ್ಟುವ ಖರ್ಚೇ ಇಲ್ಲ.

ಹರಕೆಯ ಮೇಳಗಳ ಆಟಕ್ಕೆ ಟಿಕೆಟ್ ಇಲ್ಲ. ಕಟೀಲು, ಧರ್ಮಸ್ಥಳ ಮೊದಲಾದ ಕ್ಷೇತ್ರಗಳ ಮೇಳಗಳನ್ನು ಭಕ್ತರು ಹರಕೆ ಹೊತ್ತು ಕರೆಸುತ್ತಾರೆ. ಕಟೀಲಿನ ಆಟಕ್ಕೆ ವರ್ಷಗಟ್ಟಲೆ ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಇನ್ನೊಂದು ಬಗೆಯ ಮೇಳ ಮೆರೆಯಿತು. ಅದೇ ಟಿಕೆಟ್ಟಿನ ಡೇರೆ ಮೇಳ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಈ ಪದ್ಧತಿಯ ಮಾತು ಬಂದಾಗ ಬಂಟ್ವಾಳ ತಾಲೂಕಿನ ಇರಾದಲ್ಲಿ ಕಲ್ಲಾಡಿ ಕೊರಗ ಶೆಟ್ಟಿ ಕಟ್ಟಿದ ಕುಂಡಾವು ಮೇಳದ ಹೆಸರು ಮುಂಚೂಣಿಯಲ್ಲಿ ಬರುತ್ತದೆ.

ಡೇರೆ ಮೇಳ ತನ್ನ ಒಳಾಂಗಣವನ್ನು ತಾನೇ ಹೊತ್ತು ತಿರುಗಿತು. ಬೆಳಗ್ಗೆ ಲಾರಿ ಬಂದು ಗದ್ದೆಯಲ್ಲಿ ನಿಲ್ಲುತ್ತದೆ. ಕಂಬ, ಹಗ್ಗ, ಗೂಟ, ತಗಡು, ಮಡಚುವ ಕುರ್ಚಿ, ಜನರೇಟರ್ ಇಳಿಯುತ್ತವೆ. ಸಂಜೆಯೊಳಗೆ ಸುತ್ತ ಗೋಡೆ, ಮೇಲೆ ಬಟ್ಟೆಯ ಚಾವಣಿ, ಎದುರಿಗೆ ಟಿಕೆಟ್ ಗೂಡು. ಊರೂರಿಗೆ ಜೀಪಿನಲ್ಲಿ ಪ್ರಚಾರ. ರಾತ್ರಿಯಿಡೀ ಆಟ, ಮಂಗಳ ಹಾಡುವ ಹೊತ್ತಿಗೆ ಹಿಂದಿನ ಸಾಲಿನ ಕುರ್ಚಿಗಳು ಮಡಚಿಕೊಳ್ಳತೊಡಗುತ್ತವೆ. ಬಿಸಿಲೇರುವಷ್ಟರಲ್ಲಿ ಗದ್ದೆಯಲ್ಲಿ ಉಳಿದದ್ದು ಗೂಟದ ತೂತುಗಳು ಮತ್ತು ನೆಲಗಡಲೆ ಸಿಪ್ಪೆ. ಹಾಕಿ ಅಂಗಣದವರು ಒಂದೇ ಕಟ್ಟಡದೊಳಗೆ ನೆಲ ಬದಲಿಸುತ್ತಾರೆ. ಡೇರೆ ಮೇಳದವರು ನೆಲ ಬದಲಾದಲ್ಲೆಲ್ಲ ಅದೇ ಕಟ್ಟಡವನ್ನು ಎಬ್ಬಿಸುತ್ತಿದ್ದರು. ದೂರದರ್ಶನ, ವೀಡಿಯೊಗಳ ಕಾಲದಲ್ಲಿ ಟಿಕೆಟ್ಟಿನ ಗಳಿಕೆ ಇಳಿದು ಡೇರೆಗಳು ಒಂದೊಂದಾಗಿ ಮಡಚಿಕೊಂಡವು. ಹರಕೆಯ ಆಟ ಉಳಿಯಿತು.

ಕಂಬಳದ ಕರೆ

ಗದ್ದೆ ಕ್ರೀಡಾಂಗಣವಾಗುವ ಅತಿ ದೊಡ್ಡ ಉದಾಹರಣೆ ಕಂಬಳ. ಮೂಲದಲ್ಲಿ ಇದು ಗುತ್ತು-ಬೀಡುಗಳೆಂಬ ಹಿರಿಮನೆಗಳ ದೊಡ್ಡ ಗದ್ದೆಯಲ್ಲಿ ಬಿತ್ತನೆಗೆ ಮುಂಚೆ ನಡೆಯುವ ಆಚರಣೆ. ಹೂವಿನಿಂದ ಅಲಂಕರಿಸಿದ ಕಂಬವನ್ನು ಗದ್ದೆಯಲ್ಲಿ ನಿಲ್ಲಿಸುವ ಪೂಕರೆ ಕಂಬಳಗಳಲ್ಲಿ ಆ ಮೂಲ ಇನ್ನೂ ಕಾಣುತ್ತದೆ. ಕೋಣಗಳ ಓಟದ ಸ್ಪರ್ಧೆಯಾಗಿ ಬೆಳೆದ ಆಧುನಿಕ ಕಂಬಳ ನಡೆಯುವುದು ಜೋಡುಕರೆಯಲ್ಲಿ. ಅಕ್ಕಪಕ್ಕ ಎರಡು ಉದ್ದನೆಯ ಕೆಸರು ಓಣಿಗಳು, ಮರಳು ಬೆರೆತ ಮೆದು ಮಣ್ಣು, ಮೇಲೆ ನೀರು. ಕೋಣಗಳನ್ನು ಬಿಡುವ ತುದಿ ಗಂತು. ಓಡಿಬಂದ ಕೋಣಗಳು ಏರಿ ನಿಲ್ಲುವ ದಿಬ್ಬದ ತುದಿ ಮಂಜೊಟ್ಟಿ.

ಜೋಡುಕರೆಗಳಿಗೆ ಜೋಡಿ ಹೆಸರಿಡುವುದು ರೂಢಿ. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ–ಚೆನ್ನಯ, ವೇಣೂರು ಪೆರ್ಮುಡದಲ್ಲಿ ಸೂರ್ಯ–ಚಂದ್ರ, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ–ವಿಕ್ರಮ, ಕಕ್ಯಪದವಿನಲ್ಲಿ ಸತ್ಯ–ಧರ್ಮ. ಹೀಗಾಗಿ ಫಲಿತಾಂಶ ಕೂಗುವಾಗ ಸೋಲು ಗೆಲುವು ಕೋಣದ ಯಜಮಾನನ ಹೆಸರಿನ ಜತೆಗೆ ಕರೆಯ ಹೆಸರಿನಲ್ಲೂ ಕೇಳಿಸುತ್ತದೆ. ನೇಗಿಲು ಮತ್ತು ಹಗ್ಗದ ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂಬ ಭೇದವಿದೆ. ಅಡ್ಡಹಲಗೆ, ಕನೆಹಲಗೆ ಬೇರೆ. ಕನೆಹಲಗೆಯಲ್ಲಿ ವೇಗ ಮುಖ್ಯವಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು; ಎತ್ತರವನ್ನು ಕೋಲಿನಲ್ಲಿ ಎಣಿಸುತ್ತಾರೆ.

2020ರ ಫೆಬ್ರವರಿಯಲ್ಲಿ ಈ ಕೆಸರಿನ ಓಣಿಗಳು ಲೋಕದ ಕಣ್ಣಿಗೆ ಬಿದ್ದವು. ಮೂಡುಬಿದಿರೆ ಬಳಿಯ ಮಿಜಾರಿನ, ಕೋಣ ಓಡಿಸುವ ಶ್ರೀನಿವಾಸ ಗೌಡ ಐಕಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ನಾರಾವಿಗೆ ಸಮೀಪದ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಇವನ್ನು 100 ಮೀಟರಿಗೆ ಇಳಿಸಿದ ಲೆಕ್ಕ 9.55 ಮತ್ತು 9.51 ಸೆಕೆಂಡು ಎಂದು ಪತ್ರಿಕೆಗಳು ಬರೆದು, ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿಟ್ಟವು. ಕೋಣದ ಹಗ್ಗ ಹಿಡಿದ ಓಟವನ್ನು ಒಂಟಿ ಓಟಕ್ಕೆ ಹೋಲಿಸಲಾಗದು. ಕೋಣದ ಎಳೆತ, ಮುಂಚಿತವಾಗಿಯೇ ಸಿಗುವ ವೇಗ, ಕೆಸರಿನ ಹದ ಎಲ್ಲವೂ ಬೇರೆ. ಆದರೂ ಕರೆಯ ಉದ್ದ, ಸಮಯ ಅಳೆಯುವ ಕ್ರಮಗಳ ಮೇಲೆ ಹಿಂದೆಂದೂ ಇಲ್ಲದ ಗಮನ ಹರಿಯಿತು.

ಅದಕ್ಕೂ ಮೊದಲು ಕಂಬಳ ನಿಂತೇಹೋಗುವ ಭಯವಿತ್ತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ಮಧ್ಯಂತರ ತಡೆ ಬಂತು. ರಾಜ್ಯ ಸರಕಾರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2023ರ ಮೇ 18ರಂದು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹೊಸ ಕರೆ ತೋಡಿ ಕಂಬಳ ನಡೆಸಿದರು. ಗದ್ದೆಯೇ ಇಲ್ಲದಲ್ಲಿ ಗದ್ದೆಯನ್ನು ನಿರ್ಮಿಸಿದ್ದು ಅಲ್ಲಿಯ ಹೊಸತು.

ಕಂಬಳಕ್ಕೆ ಚಾವಣಿ ಯಾರೂ ಬಯಸಿಲ್ಲ. ಆದರೆ ಹೊನಲು ಬೆಳಕು ಬಂದ ಮೇಲೆ ಕರೆ ರಾತ್ರಿಯಿಡೀ ಎಚ್ಚರವಿರುತ್ತದೆ. ಸುತ್ತ ಹೋಟೆಲು, ಐಸ್‌ಕ್ರೀಮು, ಆಟಿಕೆ, ಕೃಷಿ ಉಪಕರಣಗಳ ಸಾಲಂಗಡಿಗಳು ಸೇರಿ ಅದೊಂದು ಜಾತ್ರೆಯಾಗುತ್ತದೆ.

ಮಳೆಗಾಲದಲ್ಲಿ ಎಲ್ಲ ನಿಂತಿರುವಾಗಲೂ ಗದ್ದೆ ಸುಮ್ಮನಿರುವುದಿಲ್ಲ. ತುಳುವರ ಆಟಿ ತಿಂಗಳ ಆಸುಪಾಸಿನಲ್ಲಿ ಯುವಕ ಮಂಡಲಗಳು, ಶಾಲೆಗಳು ‘ಕೆಸರ್ಡ್ ಒಂಜಿ ದಿನ’ ಎಂಬ ಹೆಸರಿನಲ್ಲಿ ನೀರು ನಿಂತ ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ, ವಾಲಿಬಾಲ್, ತ್ರೋಬಾಲ್ ನಡೆಸುತ್ತವೆ. ಸಾಮಾನ್ಯ ಮೈದಾನದ ಚಾಂಪಿಯನ್ನರು ಇಲ್ಲಿ ಮುಗ್ಗರಿಸುತ್ತಾರೆ; ನೇಜಿ (ಭತ್ತದ ಸಸಿ) ನೆಟ್ಟು ರೂಢಿಯಿರುವ ಕಾಲುಗಳು ಗೆಲ್ಲುತ್ತವೆ.

ಪೊಳಲಿಯ ಚೆಂಡಿನ ಗದ್ದೆ

ಬಂಟ್ವಾಳ ತಾಲೂಕಿನ ಪೊಳಲಿಯಲ್ಲಿ ಹಾಕಿಗೂ ಫುಟ್ಬಾಲಿಗೂ ದೂರದ ನೆಂಟನಾದ ಆಟವೊಂದು ದೇವಸ್ಥಾನದ ಉತ್ಸವದೊಳಗೆ ಸೇರಿಕೊಂಡಿದೆ. ಅಲ್ಲಿಯ ರಾಜರಾಜೇಶ್ವರಿ ದೇವಸ್ಥಾನದ ಜಾತ್ರೆ ಮೀನ ಸಂಕ್ರಮಣದ ಹೊತ್ತಿಗೆ, ಅಂದರೆ ಮಾರ್ಚ್ ಮಧ್ಯದಲ್ಲಿ ಆರಂಭವಾಗಿ ಸುಮಾರು ಒಂದು ತಿಂಗಳು ಸಾಗುತ್ತದೆ. ಎಷ್ಟು ದಿನದ ಜಾತ್ರೆಯೆಂಬುದು ಪ್ರತಿ ವರ್ಷ ಬೇರೆ. ಆ ಲೆಕ್ಕವನ್ನು ಸಾರ್ವಜನಿಕವಾಗಿ ಘೋಷಿಸುವುದಕ್ಕೇ ಒಂದು ವಿಧಿಯಿದೆ. ಕೊನೆಯ ಹಂತದಲ್ಲಿ ಐದು ದಿನ ಚೆಂಡು. ದೇವಸ್ಥಾನದೆದುರಿನ ಚೆಂಡಿನ ಗದ್ದೆಯಲ್ಲಿ ಗ್ರಾಮಗಳ ಜನ ಎರಡು ಬಣವಾಗಿ ದೊಡ್ಡ ಚರ್ಮದ ಚೆಂಡನ್ನು ಎದುರಾಳಿಯ ಕಡೆಗೆ ಒಯ್ಯಲು ಸೆಣಸುತ್ತಾರೆ. ಚೆಂಡನ್ನು ಹೊಲಿದುಕೊಡುವುದು ಮೂಡುಬಿದಿರೆಯ ಚರ್ಮದ ಕಸುಬಿನ ಕುಟುಂಬ. ಹೀಗೆ ಒಂದು ಆಟದ ನೆಲ ಒಂದು ತಾಲೂಕಿನಲ್ಲಿದ್ದರೆ ಅದರ ಚೆಂಡು ಇನ್ನೊಂದರಿಂದ ಬರುತ್ತದೆ.

ಆಟಕ್ಕೆ ಗಡಿಯಾರದ ಲೆಕ್ಕವಿಲ್ಲ, ಆಟಗಾರರ ಸಂಖ್ಯೆಗೆ ಮಿತಿಯಿಲ್ಲ. ಆದರೂ ಅಂಗಣಕ್ಕೆ ಕಟ್ಟುನಿಟ್ಟಿದೆ: ಯಾವ ದಿನ, ಯಾವ ಹೊತ್ತು, ಯಾರು ಚೆಂಡನ್ನು ಗದ್ದೆಗೆ ಹಾಕಬೇಕು ಎಂಬುದು ನಿಗದಿ. ಮಿಕ್ಕ ದಿನಗಳಲ್ಲಿ ಅದೇ ಬಯಲು ಸಭೆ, ಸಮಾವೇಶ, ಯಕ್ಷಗಾನಗಳಿಗೆ ಒದಗುತ್ತದೆ.

ಅಟ್ಟಳಿಗೆ ಮತ್ತು ಶಾಶ್ವತ ಮೈದಾನ

ವೇಣೂರಿನಲ್ಲಿ ಅಜಿಲ ಅರಸು ತಿಮ್ಮಣ್ಣಾಜಿಲ 1604ರಲ್ಲಿ ನಿಲ್ಲಿಸಿದ 35 ಅಡಿ ಎತ್ತರದ ಗೊಮ್ಮಟನಿದ್ದಾನೆ. 2000, 2012, 2024ರಲ್ಲಿ ಅಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಅಂಗಣಗಳ ಚರಿತ್ರೆಯಲ್ಲಿ ಇದಕ್ಕೊಂದು ವಿಶೇಷ ಸ್ಥಾನವಿದೆ. ಬೇರೆಡೆ ನೋಡುಗರು ಕೆಳಗಿನ ಆಟವನ್ನು ನೋಡಲು ಮೇಲೇರುತ್ತಾರೆ. ಇಲ್ಲಿ ಕಾರ್ಯ ನಡೆಯುವುದೇ ಮೇಲೆ. ಮೂರ್ತಿಯ ಹಿಂಬದಿಗೆ ಕಂಬ ಜೋಡಿಸಿ ಅಟ್ಟಳಿಗೆ ಕಟ್ಟುತ್ತಾರೆ. ನೀರು, ಎಳನೀರು, ಕಬ್ಬಿನ ಹಾಲು, ಹಾಲು, ಅರಸಿನ, ಗಂಧಗಳ ಕಲಶ ಹೊತ್ತವರು ಅದನ್ನೇರುತ್ತಾರೆ. ಉತ್ಸವ ಮುಗಿದ ಮೇಲೆ ಅಟ್ಟಳಿಗೆ ಇಳಿಯುತ್ತದೆ, ಮೂರ್ತಿ ಮತ್ತೆ ಒಂಟಿಯಾಗುತ್ತದೆ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿಗೂ 2019ರಲ್ಲಿ ಹೀಗೆಯೇ ಮಸ್ತಕಾಭಿಷೇಕವಾಯಿತು.

ಮೂಡುಬಿದಿರೆ ಈ ಸೀಮೆಯಲ್ಲಿ ದೊಡ್ಡ ಜನಸಂದಣಿಯ ಕಾರ್ಯಕ್ರಮಗಳಿಗೆ ಹೆಸರಾದ ಪಟ್ಟಣ. 1430ರಲ್ಲಿ ಕಟ್ಟಿದ ಸಾವಿರಕಂಬದ ಬಸದಿಯ ಊರಿನಲ್ಲಿ 2003ರ ಡಿಸೆಂಬರಿನಲ್ಲಿ ಕಮಲಾ ಹಂಪನಾ ಅವರ ಅಧ್ಯಕ್ಷತೆಯಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಮೋಹನ ಆಳ್ವರ ಸಾರಥ್ಯದ ಆಳ್ವಾಸ್ ಸಂಸ್ಥೆಯ ವಿರಾಸತ್ ಸಂಗೀತ ನೃತ್ಯಗಳ ವಾರ್ಷಿಕ ಉತ್ಸವವಾಗಿ ಬೆಳೆಯಿತು. ಅದೇ ಸಂಸ್ಥೆ 2004ರಲ್ಲಿ ಆರಂಭಿಸಿದ ನುಡಿಸಿರಿ ಸಾಹಿತ್ಯದ ಸಮ್ಮೇಳನವಾಯಿತು. 2022ರ ಡಿಸೆಂಬರ್ 21ರಿಂದ 27ರವರೆಗೆ ಸಂಸ್ಥೆಯ ವಿದ್ಯಾಗಿರಿ ಆವರಣದಲ್ಲಿ ಅಂತರರಾಷ್ಟ್ರೀಯ ಸ್ಕೌಟ್ಸ್ ಗೈಡ್ಸ್ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಪಟ್ಟಣದ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ಜರಗಿತು. ಬೆಳ್ತಂಗಡಿ ತಾಲೂಕಿನ ಉಜಿರೆ 2009ರ ಡಿಸೆಂಬರಿನಲ್ಲಿ ವಿಶ್ವ ತುಳು ಸಮ್ಮೇಳನಕ್ಕೆ ಆತಿಥ್ಯ ನೀಡಿತು.

ಸಿಂಥೆಟಿಕ್ ಟ್ರ್ಯಾಕು ಬಂದ ಮೈದಾನ ಒಂದು ಬಗೆಯಲ್ಲಿ ಬಡವಾಗುತ್ತದೆ. ಅದರ ಮೇಲೆ ಲಾರಿ ಹೋಗಬಾರದು, ಗೂಟ ಹೊಡೆಯಬಾರದು, ಒಲೆ ಹೂಡಬಾರದು. ಮಣ್ಣಿನ ಮೈದಾನ ಎಲ್ಲರನ್ನೂ ಸಹಿಸುತ್ತದೆ. ಒಂದೇ ಕೆಲಸಕ್ಕೆ ಪಳಗಿಸಿದ ನೆಲ ಉಳಿದವರನ್ನು ಹೊರಗಿಡುತ್ತದೆ.

ಚಾವಣಿಯ ಕೆಳಗೆ

ಹಳ್ಳಿಗಳಲ್ಲಿ ಒಳಾಂಗಣ ಎಂದರೆ ಹೆಚ್ಚಾಗಿ ಶಾಲೆಯ ರಂಗಮಂದಿರ, ದೇವಸ್ಥಾನದ ಸಭಾಭವನ, ಚರ್ಚ್ ಹಾಲ್, ಸಮುದಾಯ ಭವನ. ಉಕ್ಕಿನ ಕಂಬಗಳ ಮೇಲೆ ಕಮಾನಿನಂತೆ ಬಾಗಿದ ತಗಡಿನ ಚಾವಣಿ, ಬದಿಗಳಲ್ಲಿ ಗೋಡೆಯಿಲ್ಲ. ನೆಲಕ್ಕೆ ಶಟಲ್ ಕೋರ್ಟಿನ ಬಿಳಿಗೆರೆ ಬಳಿದಿರುತ್ತದೆ. ಬೆಳಗ್ಗೆ ಶಾಲೆಯ ಪ್ರಾರ್ಥನೆ, ಮಧ್ಯಾಹ್ನ ಸಾಲು ಬಾಳೆಲೆಯ ಊಟ, ಸಂಜೆ ಶಟಲ್, ಭಾದ್ರಪದದಲ್ಲಿ ಗಣೇಶೋತ್ಸವ, ನವರಾತ್ರಿಯಲ್ಲಿ ಶಾರದೋತ್ಸವ, ಮಳೆಗಾಲದಲ್ಲಿ ತಾಳಮದ್ದಳೆ, ಚುನಾವಣೆ ಬಂದರೆ ಮತಗಟ್ಟೆ, ನೆರೆ ಬಂದರೆ ನಿರಾಶ್ರಿತರ ನೆಲೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕಣಿವೆಯ ಕೆಳಗಿನ ಊರುಗಳಿಗೆ ನೀರು ನುಗ್ಗಿದಾಗ ಬೆಳ್ತಂಗಡಿ ತಾಲೂಕಿನ ಜನ ಇಂಥ ಚಾವಣಿಗಳ ಕೆಳಗೆ ರಾತ್ರಿ ಕಳೆದರು. ಜೋರು ಮಳೆ ತಗಡಿಗೆ ಬಡಿದರೆ ಭಾಷಣಕಾರರು ನಿಲ್ಲಿಸಿ ಕಾಯಬೇಕಾಗುತ್ತದೆ. ಚೆಂಡೆಯೊಂದೇ ಆ ಸದ್ದಿಗೆ ಎದುರು ನಿಲ್ಲಬಲ್ಲದು.

ಇಂಥ ಹಾಲುಗಳಿಗೆ ಒಗ್ಗುವ ಆಟಗಳನ್ನು ಅಳತೆಯೇ ಆರಿಸುತ್ತದೆ. ಶಟಲ್ ಕೋರ್ಟಿಗೆ 13.4 × 6.1 ಮೀಟರ್, ಪುರುಷರ ಕಬಡ್ಡಿಗೆ 13 × 10, ವಾಲಿಬಾಲಿಗೆ 18 × 9, ಬ್ಯಾಸ್ಕೆಟ್‌ಬಾಲಿಗೆ 28 × 15 ಮೀಟರ್ ಸಾಕು. ಒಳಾಂಗಣ ಹಾಕಿಗೆ 36ರಿಂದ 44 ಮೀಟರ್ ಉದ್ದ, 18ರಿಂದ 22 ಮೀಟರ್ ಅಗಲ ಬೇಕು. ಅಂದರೆ ಅದು 40 × 20ರ ಹ್ಯಾಂಡ್‌ಬಾಲ್ ಅಂಗಣದಲ್ಲಿ ಕೂರುತ್ತದೆ, ಶಾಲೆಯ ಹಾಲಿನಲ್ಲಿ ಕೂರದು. ಆರು ಮಂದಿಯ ತಂಡ, ಉದ್ದದ ಬದಿಗಳಲ್ಲಿ ತಗ್ಗಾದ ಮರದ ಅಡ್ಡಪಟ್ಟಿ, ಚೆಂಡನ್ನು ಬೀಸಿ ಹೊಡೆಯದೆ ತಳ್ಳಬೇಕೆಂಬ ನಿಯಮ. ಇವೆಲ್ಲ ಯುರೋಪಿನ ಚಳಿಗಾಲಕ್ಕೆ ಹುಟ್ಟಿದ ಏರ್ಪಾಡು. ಅದರ ಮೊದಲ ವಿಶ್ವಕಪ್ 2003ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆಯಿತು. ಕರ್ನಾಟಕದ ಹಾಕಿ ಬಯಲಿನಲ್ಲೇ ಬೆಳೆದದ್ದು. ಕೊಡಗಿನಲ್ಲಿ 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಆರಂಭವಾದ ಕೊಡವ ಕೌಟುಂಬಿಕ ಹಾಕಿ 2024ರ ನಾಪೋಕ್ಲು ಕೂಟದ ಹೊತ್ತಿಗೆ 360 ಕುಟುಂಬಗಳನ್ನು ತಲುಪಿತು. ನಡೆಯುವುದು ಬೇಸಗೆಯ ಬಯಲಿನಲ್ಲಿ, ಮಳೆಗೆ ಮುನ್ನ.

ನಗರದಲ್ಲಿ ಚಿತ್ರ ಬೇರೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ಕಬಡ್ಡಿ, ಬ್ಯಾಸ್ಕೆಟ್‌ಬಾಲ್‌ಗಳಿಗೆ ಒದಗಿದೆ; 2017ರಲ್ಲಿ ಮಹಿಳೆಯರ ಏಷ್ಯಾಕಪ್ ಬ್ಯಾಸ್ಕೆಟ್‌ಬಾಲ್ ಅಲ್ಲಿ ನಡೆಯಿತು. ಕೊರೊನಾ ಕಾಲದಲ್ಲಿ, 2021–22ರ ಪ್ರೊ ಕಬಡ್ಡಿ ಋತುವಿಡೀ ಬೆಂಗಳೂರಿನ ವೈಟ್‌ಫೀಲ್ಡಿನ ಹೋಟೆಲೊಂದರ ಸಭಾಂಗಣದಲ್ಲಿ, ನೋಡುಗರಿಲ್ಲದೆ ಸಾಗಿತು. ಮದುವೆ ಆರತಕ್ಷತೆಯ ನೆಲದ ಮೇಲೆ ಮ್ಯಾಟ್ ಹಾಸಿದರೆ ಕಬಡ್ಡಿ ಅಂಕಣವಾಗುತ್ತದೆ ಎಂಬುದು ಹೊನಲು ಬೆಳಕಿನ ಕಬಡ್ಡಿ ನಡೆಸುವ ಹಳ್ಳಿಯ ಯುವಕ ಮಂಡಲಗಳಿಗೆ ಹೊಸ ಸುದ್ದಿಯೇನಲ್ಲ.

ಬದಲಾವಣೆಯ ಕಾರಣಗಳು

ಬಯಲಿನಿಂದ ಚಾವಣಿಯ ಕೆಳಗೆ ಸರಿಯುವುದಕ್ಕೆ ಮಳೆಯೊಂದೇ ಕಾರಣವಲ್ಲ. ಮೊದಲನೆಯ ಕಾರಣ ಕಾನೂನು. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ. ಸಭಾಂಗಣ, ಸಮುದಾಯ ಭವನಗಳಂಥ ಮುಚ್ಚಿದ ಜಾಗಗಳಿಗೆ ವಿನಾಯಿತಿ ಕೊಡುತ್ತವೆ. ವರ್ಷಕ್ಕೆ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯಕ್ಕಿದೆ. ರಾತ್ರಿಯಿಡೀ ನಡೆಯುವ ಬಯಲಾಟಕ್ಕೆ ಈ ನಿಯಮ ನೇರವಾಗಿ ತಾಗಿತು. ಕಟೀಲು ಮೇಳಗಳು 2022–23ರ ತಿರುಗಾಟದಲ್ಲಿ ಕಾಲಮಿತಿಯ ಆಟಕ್ಕೆ ಹೊರಳಿದ್ದರ ಹಿಂದೆ ಇದೇ ಒತ್ತಡವಿತ್ತು. ಬೆಳಗಿನ ಜಾವದ ರಾಕ್ಷಸ ವೇಷದ ಅಬ್ಬರ ರಾತ್ರಿಯ ಊಟದ ಹೊತ್ತಿಗೆ ಬಂತು.

ಎರಡನೆಯದು ದುಡಿಮೆ. ಚಪ್ಪರ ಹಾಕಲು, ಅಂಗಳ ಬಡಿಯಲು ಕೈಗಳು ಬೇಕು. ಆ ಕೈಗಳು ಮಂಗಳೂರು, ಬೆಂಗಳೂರು, ಮುಂಬಯಿ, ಗಲ್ಫ್ ಸೇರಿವೆ. ಬಾಡಿಗೆಗೆ ಸಿಗುವ ಹಾಲಿನಲ್ಲಿ ಕುರ್ಚಿ, ಪಾತ್ರೆ, ಬೆಳಕು ಎಲ್ಲ ಸಿದ್ಧ.

ಮೂರನೆಯದು, ಎಲ್ಲಕ್ಕಿಂತ ಆಳದ್ದು, ಬೆಳೆ. ಭತ್ತದ ಗದ್ದೆಗಳು ಅಡಿಕೆ ತೋಟವಾಗುತ್ತಿವೆ. ಭತ್ತ ವರ್ಷದಲ್ಲಿ ಕೆಲವು ತಿಂಗಳಾದರೂ ನೆಲವನ್ನು ಬಿಟ್ಟುಕೊಡುವ ಬೆಳೆ. ಅಡಿಕೆ ಹಾಗಲ್ಲ, ಸಸಿ ನೆಟ್ಟ ದಿನದಿಂದ ದಶಕಗಳ ಕಾಲ ಆ ನೆಲದಲ್ಲಿ ನಾಲ್ಕು ಹೆಜ್ಜೆಗೊಂದು ಕಂಬ. ಅಲ್ಲಿ ರಂಗಸ್ಥಳ ಕಟ್ಟಲಾಗದು, ಕೋಣ ಓಡಿಸಲಾಗದು, ಚೆಂಡು ಒದೆಯಲಾಗದು. ಊರಿಗೆ ಹಣ ತಂದ ಬೆಳೆಯೇ ಊರಿನ ಬಯಲನ್ನು ತೆಗೆದುಕೊಂಡಿತು. ಬಂದ ಹಣದಲ್ಲಿ ಒಂದು ಪಾಲು ಸಭಾಭವನದ ತಗಡಿಗೂ ಕುರ್ಚಿಗೂ ದೇಣಿಗೆಯಾಗಿ ಹೋಯಿತು. ಹೊಸ ಹಾಲಿನ ಗೋಡೆಯ ಮೇಲಿನ ದಾನಿಗಳ ಹೆಸರುಪಟ್ಟಿಯಲ್ಲಿ ಹಿಂದೆ ತಮ್ಮ ಗದ್ದೆಯನ್ನು ಆಟಕ್ಕೆ ಬಿಟ್ಟುಕೊಡುತ್ತಿದ್ದ ಮನೆಗಳ ಹೆಸರನ್ನು ಹುಡುಕಿದರೆ ಸಿಗುತ್ತದೆ.

ಇಂದಿನ ಸ್ಥಿತಿ

ಈಗ ಈ ಸೀಮೆಯಲ್ಲಿ ಮೂರು ಬಗೆಯ ಅಂಗಣಗಳು ಒಟ್ಟಿಗೆ ಬದುಕಿವೆ. ಕಂಬಳದ ಕರೆ, ಪೊಳಲಿಯ ಚೆಂಡಿನ ಗದ್ದೆಗಳಂಥವು ಆಚರಣೆಯ ಬಲದಿಂದ ಬಯಲಾಗಿಯೇ ಉಳಿದಿವೆ. ಪದವುಗಳ ಮೇಲಿನ ಶಾಲೆ ಕಾಲೇಜು ಮೈದಾನಗಳು ದೊಡ್ಡ ಕೂಟಗಳನ್ನು ಹೊತ್ತಿವೆ. ಮಿಕ್ಕ ದಿನಬಳಕೆಯ ಸಂಗತಿಗಳೆಲ್ಲ ತಗಡಿನ ಚಾವಣಿಯ ಕೆಳಗೆ ಸೇರಿವೆ. ಮಾಂಟ್ರಿಯಲ್ಲಿನಿಂದ ಮ್ಯಾಡಿಸನ್ ಸ್ಕ್ವೇರಿನವರೆಗಿನ ಅಂಗಣಗಳಲ್ಲಿ ಕಛೇರಿಯ ಹಲಗೆಯಡಿ ಮಂಜು ತಣ್ಣಗೆ ಕಾಯುತ್ತಿರುತ್ತದೆ. ನಾರಾವಿ ಕಡೆಯ ಬೆಟ್ಟುಗದ್ದೆಯಲ್ಲಿ ಆಟದ ಚಾಪೆಯಡಿ ಕೂಳೆ ಕಾಯುತ್ತಿತ್ತು; ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದರೆ ಅದೇ ನೆಲಕ್ಕೆ ನೇಗಿಲು ಇಳಿಯುತ್ತಿತ್ತು. ಸಭಾಭವನದ ಕಾಂಕ್ರೀಟಿನಡಿ ಏನೂ ಕಾಯುತ್ತಿಲ್ಲ. ಅದಕ್ಕೇ ಅದು ವರ್ಷವಿಡೀ ಬಾಡಿಗೆಗೆ ಸಿಗುತ್ತದೆ.